ಮುಳ್ಳು ಮುಚ್ಚಿದ ದೊಣೆ

ಚಳ್ಳಕೆರೆ
28-8-1999

ಮಾರುತಿಗೆ ಶಕೀಲ್ ಮಾಡುವ ಸಲಾಮು.

ನೀನು ಹೋಗಿ ಎರಡೂವರೆ ತಿಂಗಳಾಯಿತು. ರಾಯಪುರದ ಆಫೀಸಿನ ವಿಳಾಸಕ್ಕೆ ಹಾಕಿದರೆ, ಬೋರ್‌ವೆಲ್ ಲಾರಿ ಯಾವ ಕಾಡಿನಲ್ಲಿದ್ದರೂ ಒಂದು ದಿನ ನಿನಗೆ ತಲುಪುತ್ತದೆ ಎಂದು ನಿನ್ನ ತಂಗಿ ಸೌಂದರ್ಯ ಹೇಳಿದಳು. ನಿನ್ನ ಜೊತೆ ಐದನೇ ಕ್ಲಾಸು ಬಿಟ್ಟ ಮೇಲೆ ನಾನು ಲಾರಿಗಳ ನಂಬರ್ ಬಿಟ್ಟರೆ ಬೇರೇನೂ ಬರೆದವನಲ್ಲ. ತಪ್ಪಿದ್ದರೆ ನಗಬೇಡ.

ನೀನಿಲ್ಲದಿದ್ದರೂ ಶುಕ್ರವಾರ ತಪ್ಪಿಸಿಲ್ಲ. ಅವತ್ತು ಗ್ಯಾರೇಜಿಗೆ ರಜೆ, ಬೆಳಿಗ್ಗೆ ಮೊದಲ ಬಸ್ಸಿಗೆ ಕೊಂಡ್ಲಹಳ್ಳಿಗೆ ಬಂದು ನಿಮ್ಮೂರ ಹಿಂದಿನ ಗುಡ್ಡ ಹತ್ತುತ್ತೇನೆ. ರಸೂಲ್ ಮಾವನಿಗೆ ಇದು ಸರಿಬರುವುದಿಲ್ಲ. ನಮಾಜು ಬಿಟ್ಟು ಎಲ್ಲಿಗೆ ಹೊರಟೆ ಎಂದು ಕೇಳಿ, "ಅಲ್ಲಾನ ಮನೆ ಬಿಟ್ಟು ಮಂಗನ ಮನೆಗೆ ಹೋಗ್ತೀಯಾ, ಹೋಗು" ಎನ್ನುತ್ತಾನೆ. ಆದರೆ ಆರು ದಿನ ಲಾರಿಯ ಹೊಟ್ಟೆಯ ಕೆಳಗೆ ಮಲಗುವವನು ಏಳನೇ ದಿನವಾದರೂ ಆಕಾಶದ ಕೆಳಗೆ ಮಲಗಬೇಡವೇ? ಕತ್ತಾಳೆ ಜಜ್ಜಿ ನಾರು ಹೊಸೆಯುತ್ತ ಕುಳಿತರೆ ಕೈಯಲ್ಲಿನ ಸ್ಪ್ಯಾನರಿನ ನೋವು ಎಲ್ಲಿಗೆ ಹೋಗುತ್ತದೋ ಗೊತ್ತಾಗುವುದಿಲ್ಲ. ನೀನು ಕಲಿಸಿದ ಹಾಗೆ ಬಂದರಿಕೆ ಸೊಪ್ಪಿನ ಗುಡಿಸಲು ಕಟ್ಟಿದ್ದೇನೆ. ಒಂದು ಮೂಲೆ ಸೋರುತ್ತದೆ. ನೀನಿದ್ದಿದ್ದರೆ ಬೈಯುತ್ತಿದ್ದೆ.

ನಿನ್ನೆಯದು ಹೇಳಲೇಬೇಕು. ಹಿಂದಿನ ದಿನ ಮಳೆ ಬಂದಿತ್ತು, ಪುಳ್ಳೆ ಪುಳ್ಳೆಯೂ ಒದ್ದೆ. ಗ್ಯಾರೇಜಿನಿಂದ ತಂದ ಮುರಿದ ಅರದ ತುಂಡನ್ನು ಬೆಣಚುಕಲ್ಲಿಗೆ ಹೊಡೆದು ಹೊಡೆದು ಬೆರಳು ತರಚಿತು. ಅರಳೆಗೆ ಕಿಡಿ ಹತ್ತಿದರೂ ಮುಂದಕ್ಕೆ ಉರಿಯಲು ಒಣ ಕಟ್ಟಿಗೆ ಬೇಕಲ್ಲ. ಆಗ ಚಾಚಿಕೊಂಡಿರುವ ದೊಡ್ಡ ಬಂಡೆಯ ಕೆಳಗೆ, ಕಲ್ಲಿನ ಕುಳಿಯಲ್ಲಿ ನೀರು ನಿಲ್ಲುವ ಆ ಸಣ್ಣ ದೊಣೆಯ ಮೇಲೆ ಜಾಲಿ ಮುಳ್ಳಿನ ಕೊಂಬೆಗಳು ಸಿಕ್ಕವು. ಬಂಡೆಯ ಮರೆಯಲ್ಲಿದ್ದುದರಿಂದ ಒಂದು ಹನಿಯೂ ತಾಗಿರಲಿಲ್ಲ. ಯಾರೋ ಪುಣ್ಯಾತ್ಮರು ಗಾಳಿಗೆ ಹಾರದಂತೆ ಮೇಲೆ ಕಲ್ಲನ್ನೂ ಇಟ್ಟಿದ್ದರು. ಎಲ್ಲವನ್ನೂ ಎಳೆದು ತಂದು ಉರಿಸಿದೆ. ಎಂಥ ಬೆಂಕಿ ಗೊತ್ತಾ! ಕಡ್ಡಿಪೆಟ್ಟಿಗೆ ಇಲ್ಲದೆ, ಮಳೆಯ ಮಾರನೇ ದಿನ, ನಾನೊಬ್ಬನೇ ಹೊತ್ತಿಸಿದ ಬೆಂಕಿ. ಆ ದೊಣೆಯ ನೀರು ಹಾಲಿನಂತೆ ಕದಡಿತ್ತು, ಹಾಗಾಗಿ ಮೇಲಿನ ದೊಡ್ಡ ದೊಣೆಯಿಂದ ನೀರು ತಂದು ಟೀ ಕಾಯಿಸಿದೆ. ನಿನ್ನ ಪಾಲಿನದನ್ನೂ ನಾನೇ ಕುಡಿದೆ.

ನಿನ್ನ ಗೆಳೆಯ,
ಶಕೀಲ್

*

ಕೊಂಡ್ಲಹಳ್ಳಿ
11-9-1999

ಮಗ ಮಾರುತಿಗೆ ನಿನ್ನ ಅವ್ವ ನಿಂಗಕ್ಕ ಹೇಳಿ ಬರೆಸಿದ್ದು. ಬರೆಯುತ್ತಿರುವವಳು ಸೌಂದರ್ಯ.

ಕೂತುಕೊಂಡು ಓದು. ನಿನ್ನ ಬೋರತ್ತೆ ಹೋಗಿಬಿಟ್ಟಳು. ಹನ್ನೆರಡು ದಿನವಾಯಿತು. ಕಾರ್ಯವೂ ಮುಗಿಯಿತು. ನಿನಗೆ ತಂತಿ ಕೊಡೋಣವೆಂದರೆ ನಿಮ್ಮ ಗಾಡಿ ಎಲ್ಲಿದೆ ಎಂದು ಯಾರಿಗೂ ಗೊತ್ತಿಲ್ಲ.

ಸೋಮವಾರ ಪೊರಕೆ ಹುಲ್ಲು ಕೊಯ್ಯಲು ಗುಡ್ಡಕ್ಕೆ ಹೋಗಿದ್ದಳು. ಬಾಯಾರಿ, ಚಾಚುಬಂಡೆಯ ಕೆಳಗಿನ ಸಣ್ಣ ದೊಣೆಯ ನೀರು ಕುಡಿದಳು. ಅದರಲ್ಲಿ ನಿಮ್ಮಪ್ಪ ಕುರಿಗಳ ಮೈ ತೊಳೆಯಲು ಉಣ್ಣೆ ಹುಳ ಸಾಯಿಸುವ ಔಷಧಿ ಕಲಸಿದ್ದ. ಉಳಿದದ್ದು ತಾನಾಗಿ ಆರಲೆಂದು ಬಿಟ್ಟಿದ್ದ. ಶನಿವಾರ, ಭಾನುವಾರ ಬಿದ್ದ ಮಳೆ ಬಂಡೆಯ ಮೇಲಿಂದ ಹರಿದು ಬಂದು ದೊಣೆ ಸೇರಿ ನೀರು ತಿಳಿಯಾಗಿತ್ತು. ವಾಸನೆ ಬರಲಿಲ್ಲವೇ ಎಂದು ಜನ ಕೇಳುತ್ತಾರೆ. ನಶ್ಯ ಏರಿಸುವ ಮೂಗಿಗೆ ಯಾವ ವಾಸನೆ? ಗಾಡಿಯಲ್ಲಿ ಹಾಕಿಕೊಂಡು ಮೊಳಕಾಲ್ಮುರಿಗೆ ಹೊರಟರು. ದಾರಿಯಲ್ಲೇ ಹೋದಳು.

ದೊಣೆಗೆ ಮುಳ್ಳು ಮುಚ್ಚಿದ್ದರೆ ಊರಿನ ಕೂಸು ಕೂಡ ಆ ನೀರು ಮುಟ್ಟುವುದಿಲ್ಲ. ನಿಮ್ಮಪ್ಪ ಮುಚ್ಚಿದ್ದೆ ಎನ್ನುತ್ತಾನೆ. ಆದರೆ ಅಲ್ಲಿ ಒಂದು ಮುಳ್ಳೂ ಇರಲಿಲ್ಲ. ಅತ್ತೆಯ ಮಗ ಚಿನ್ನಯ್ಯ ಹೆಣದ ಮುಂದೆ ನಿಂತು, "ಮಾವ, ಒಂದು ಕೊಂಬೆ ಎಳೆಯಾಕೆ ನಿನಗೆ ಆಗಲಿಲ್ವಾ?" ಎಂದು ಕೇಳಿದ. ನಿಮ್ಮಪ್ಪ ಮುಚ್ಚಿದ್ದೆ ಎಂದ. ಚಿನ್ನಯ್ಯ ಮತ್ತೆ ಕೇಳಿದ. ಮೂರನೇ ಸಲ ಕೇಳಿದಾಗ ನಿಮ್ಮಪ್ಪ ಸುಮ್ಮನಾದ. ಅವನು ಸುಮ್ಮನಾದದ್ದೇ ಊರಿಗೆ ಉತ್ತರವಾಯಿತು.

ಮೈ ನೋಡಿಕೋ. ರಜೆ ಕೊಟ್ಟರೆ ಬಾ.

ನಿನ್ನ ಅವ್ವ

*

ರಾಯಪುರ
25-9-1999

ಶಕೀಲ್,

ಎರಡು ತಿಂಗಳ ನಂತರ ಗಾಡಿ ಕ್ಯಾಂಪಿಗೆ ಬಂತು. ಎರಡು ಕಾಗದ ಒಟ್ಟಿಗೆ ಕೊಟ್ಟರು. ನಿನ್ನದನ್ನು ಮೊದಲು ಓದಿದೆ, ನಕ್ಕೆ. ಟೀ ವಿಷಯ ಜೊತೆಯವರಿಗೂ ಹೇಳಿದೆ. ಆಮೇಲೆ ಅವ್ವನದನ್ನು ಓದಿದೆ.

ನೀನು ಸುಟ್ಟ ಮುಳ್ಳು ಕಟ್ಟಿಗೆಯಲ್ಲ. ದೊಣೆಯ ನೀರು ಕೆಟ್ಟಿದೆ, ಮುಟ್ಟಬೇಡಿ ಎಂದು ನಮ್ಮ ಕಡೆ ಕುರಿಯವರು ಹಾಗೆ ಮುಚ್ಚುತ್ತಾರೆ. ಉಣ್ಣೆ ಔಷಧಿ ಕಲಸಿದ್ದ ದೊಣೆ ಅದು. ನಮ್ಮಪ್ಪ ಮುಚ್ಚಿದ್ದ. ನೀನು ತೆಗೆದೆ. ಮೂರು ದಿನದ ಮೇಲೆ ನಮ್ಮ ಬೋರತ್ತೆ ಆ ನೀರು ಕುಡಿದು ಸತ್ತಳು.

ಇದನ್ನು ಬೈಯಲು ಬರೆಯುತ್ತಿಲ್ಲ. ಮೂರು ವರ್ಷ ನಿನ್ನನ್ನು ಗುಡ್ಡ ಸುತ್ತಿಸಿದೆ. ಯಾವ ಸೊಪ್ಪು ಗಾಯಕ್ಕೆ, ಯಾವ ಬೇರು ಹಗ್ಗಕ್ಕೆ, ಎಲ್ಲ ಹೇಳಿದೆ. ಇದೊಂದು ಹೇಳಲಿಲ್ಲ. ನಮ್ಮಲ್ಲಿ ಇದನ್ನು ಯಾರೂ ಯಾರಿಗೂ ಹೇಳಿಕೊಡುವುದಿಲ್ಲ, ಉಸಿರಾಡುವುದನ್ನು ಹೇಳಿಕೊಡದ ಹಾಗೆ. ನಿನಗೂ ಗೊತ್ತಿರುತ್ತದೆ ಎಂದುಕೊಂಡಿದ್ದೆ. ಎಂದುಕೊಂಡಿದ್ದೆ ಎನ್ನುವುದೂ ಸುಳ್ಳು. ಯೋಚಿಸಿಯೇ ಇರಲಿಲ್ಲ.

ನೀನು ಊರಿಗೆ ಹೋಗಬೇಡ. ಗುಡ್ಡಕ್ಕೂ ಹೋಗಬೇಡ. ಬಾಯಿ ಬಿಡಬೇಡ. ಚಿನ್ನಯ್ಯನ ಸಿಟ್ಟು ನೀನು ನೋಡಿಲ್ಲ. ತಳಕಿನಿಂದ ಮೊಳಕಾಲ್ಮುರುವರೆಗೆ ಅವನಿಗೆ ಜನ ಇದ್ದಾರೆ. ಸಾಬರ ಹುಡುಗ ಎಂಬ ಮಾತು ಒಂದು ಸಲ ಹೊರಬಿದ್ದರೆ ಅದು ನಿನ್ನ ಹತ್ತಿರ ನಿಲ್ಲುವುದಿಲ್ಲ. ನಿಮ್ಮ ಮಾವನ ಗ್ಯಾರೇಜಿಗೆ ಬರುತ್ತದೆ, ನಿಮ್ಮ ತಾಯಿ ಕುಲ್ಸುಮ್ ಬೀ ಅವರ ಬಾಗಿಲಿಗೆ ಬರುತ್ತದೆ.

ನಿನ್ನ ಕಾಗದ ಸುಟ್ಟೆ. ನಾಲ್ಕು ದಿನ ಜೇಬಿನಲ್ಲಿಟ್ಟುಕೊಂಡು ಓಡಾಡಿದೆ, ಇವತ್ತು ಬೆಳಿಗ್ಗೆ ಡೀಸೆಲ್ ಬಟ್ಟೆಯ ಜೊತೆ ಹಾಕಿದೆ. ನೀನು ಇದನ್ನು ಸುಡು.

ಮಾರುತಿ

*

ಚಳ್ಳಕೆರೆ
12-10-1999

ಮಾರುತಿ,

ನಿನ್ನ ಕಾಗದ ಬಂದಾಗ ನಾನು ಒಂದು ಟೆಂಪೋ ಕೆಳಗಿದ್ದೆ. ಮಾವ ಕೈಗೆ ಕೊಟ್ಟು, ನಿನ್ನ ಮಂಗನ ಸ್ನೇಹಿತ ಬರೆದಿದ್ದಾನೆ ಎಂದ. ಅಲ್ಲೇ ಮಲಗಿಕೊಂಡು ಓದಿದೆ. ಮತ್ತೆ ಹೊರಗೆ ಬರಲು ಆಗಲಿಲ್ಲ. ನಟ್ಟು ಸಿಕ್ಕಿಕೊಂಡಿದೆ ಎಂದು ಹೇಳಿ ಬಹಳ ಹೊತ್ತು ಅಲ್ಲೇ ಇದ್ದೆ.

ಬೋರಕ್ಕನ ಮುಖ ನನಗೆ ಗೊತ್ತು. ಒಮ್ಮೆ ನಮ್ಮಿಬ್ಬರಿಗೂ ಸೀತಾಫಲ ಕೊಟ್ಟಿದ್ದಳು. ಹೊಟ್ಟೆಗಿಲ್ಲದವರಂಗೆ ಗುಡ್ಡದಾಗೆ ಬೇಯಿಸ್ಕಂಡು ತಿಂತೀರಲ್ಲಲೇ, ಮನೇಲಿ ಒಲೆ ಇಲ್ವಾ ಎಂದು ನಗಾಡಿದ್ದಳು.

ನೀನು ಬೇಡವೆಂದರೂ ಕಳೆದ ಶುಕ್ರವಾರ ಹೋದೆ. ಕೊಂಡ್ಲಹಳ್ಳಿಯಲ್ಲಿ ಇಳಿದೆ. ಬಸ್ ನಿಲ್ಲುವ ಕಡೆ ಬೇವಿನ ಮರದ ಕಟ್ಟೆಯ ಮೇಲೆ ನಿಮ್ಮಪ್ಪ ಒಬ್ಬನೇ ಕೂತಿದ್ದ. ಬೇರೆಯವರು ಬಿಸಿಲಿನಲ್ಲಿ ನಿಂತಿದ್ದರೇ ಹೊರತು ಆ ನೆರಳಿಗೆ ಬರಲಿಲ್ಲ. ನನ್ನನ್ನು ನೋಡಿ, "ಗುಡ್ಡಕ್ಕಾ? ಮಾರುತಿ ಕಾಗದ ಹಾಕ್ಯಾನಾ?" ಎಂದು ಕೇಳಿದ. ಹಾಕಿದ್ದಾನೆ ಎಂದೆ. ಚೆನ್ನಾಗಿದ್ದಾನಂತಾ ಎಂದ. ಹೂಂ ಎಂದೆ. ನಾನು ಮೊದಲಿನಿಂದಲೂ ನಾಲ್ಕು ಜನರ ಮುಂದೆ ಬಾಯಿ ಬಿಡಲಾರದವನು. ಆದರೆ ನನ್ನ ಮುಂದಿದ್ದದ್ದು ಅವನೊಬ್ಬನೇ. ತಿರುಗಿ ಬಂದ ಬಸ್ಸಿಗೇ ಹತ್ತಿದೆ.

ನಾನು ಹೇಳಬೇಕು, ಮಾರುತಿ. ಹೊಡೆದರೆ ಹೊಡೆಯಲಿ. ನೀನು ಹೂಂ ಎಂದು ಬರೆ.

ಶಕೀಲ್

*

ರಾಯಪುರ
20-11-1999

ಶಕೀಲ್,

ಹೂಂ ಎನ್ನುವುದಿಲ್ಲ. ನೀನು ಹೇಳಿದರೆ ಅತ್ತೆ ಎದ್ದು ಬರುತ್ತಾಳಾ? ಅಪ್ಪ ಗಟ್ಟಿ ಮನುಷ್ಯ. ಎರಡು ಸಲ ತೋಳದ ಬಾಯಿಂದ ಕುರಿ ಕಿತ್ತುಕೊಂಡವನು. ಊರಿನವರು ಆರು ತಿಂಗಳು ಮಾತಾಡುತ್ತಾರೆ, ಆಮೇಲೆ ಬೇರೆ ಯಾರದೋ ವಿಷಯ ಸಿಗುತ್ತದೆ. ಯುಗಾದಿಗೆ ನಾನು ಬರುತ್ತೇನೆ, ಅಪ್ಪನ ಹತ್ತಿರ ನಾನೇ ಮಾತಾಡುತ್ತೇನೆ. ಅಲ್ಲಿಯವರೆಗೆ ತಡೆದುಕೋ.

ಮನೆಗೆ ಬರೆದಾಗ ನಾನು ಈ ವಿಷಯ ಎತ್ತುತ್ತಿಲ್ಲ. ಇಲ್ಲಿ ಊಟ ಹೇಗಿದೆ, ಎಷ್ಟು ಅಡಿಗೆ ನೀರು ಬಂತು, ಅಷ್ಟೇ ಬರೆಯುತ್ತೇನೆ.

ಮಾರುತಿ

*

ಕೊಂಡ್ಲಹಳ್ಳಿ
19-1-2000

ಅಣ್ಣನಿಗೆ ಸೌಂದರ್ಯಳ ನಮಸ್ಕಾರ.

ಇದು ಅವ್ವ ಹೇಳಿ ಬರೆಸಿದ್ದಲ್ಲ, ನಾನೇ ಬರೆಯುತ್ತಿದ್ದೇನೆ. ಅವ್ವ ಹೇಳಿದರೆ ಎಲ್ಲರೂ ಕ್ಷೇಮ ಎಂದು ಬರೆಸುತ್ತಾಳೆ.

ಅಪ್ಪ ಕುರಿಗಳನ್ನು ದೊಡ್ಡೀರಪ್ಪನ ಮಂದೆಗೆ ಸೇರಿಸಿಬಿಟ್ಟ. ಯಾರೂ ಬಿಡು ಎನ್ನಲಿಲ್ಲ, ತಾನಾಗಿಯೇ ಬಿಟ್ಟ. ಮೊದಲೆರಡು ತಿಂಗಳು ಯಾರು ಕೇಳಿದರೂ ಮುಚ್ಚಿದ್ದೆ ಎನ್ನುತ್ತಿದ್ದ. ದೀಪಾವಳಿಯ ಹೊತ್ತಿಗೆ ಮುಚ್ಚಿದ್ದೆ ಅನ್ನಿಸುತ್ತದೆ ಎಂದ. ಈಗ ಕೇಳಿದರೆ, "ಇಲ್ಲ ಬಿಡವ್ವ, ಮರ್ತಿರಬೇಕು. ವಯಸ್ಸಾತು" ಎನ್ನುತ್ತಾನೆ.

ಕರುವನ್ನು ಕಟ್ಟಿ ಒಳಗೆ ಬರುತ್ತಾನೆ. ಸ್ವಲ್ಪ ಹೊತ್ತಿಗೆ ಎದ್ದು ಹೋಗಿ ಹಗ್ಗ ಮುಟ್ಟಿ ನೋಡುತ್ತಾನೆ. ಬಂದು ಕೂತು ನನ್ನನ್ನು ಕರೆದು, ಕಟ್ಟಿದ್ದೀನಾ ನೋಡವ್ವ ಎನ್ನುತ್ತಾನೆ. ಕಟ್ಟೀಯ ಅಪ್ಪ ಎಂದರೂ ನಂಬುವುದಿಲ್ಲ. ಮೊನ್ನೆ ಅವ್ವನಿಗೆ ಕೆಮ್ಮಿನ ಔಷಧಿ ಹಾಕಿಕೊಡು ಎಂದದ್ದಕ್ಕೆ ಬಾಟಲಿ ಹಿಡಿದುಕೊಂಡು ಹಾಗೇ ನಿಂತಿದ್ದ. ಕೊನೆಗೆ ಬಾಟಲಿಯನ್ನು ನನ್ನ ಕೈಗೆ ಕೊಟ್ಟು ಹೊರಗೆ ಹೋದ. ಸಂಕ್ರಾಂತಿಗೆ ಚಿನ್ನಯ್ಯ ಎಳ್ಳು ತೆಗೆದುಕೊಳ್ಳಲಿಲ್ಲ. ಅದಕ್ಕೆ ಅಪ್ಪನಿಗೆ ಬೇಜಾರಾಗಲಿಲ್ಲ. ಅವನು ಮಾಡಿದ್ದು ಸರಿ ಎಂದ.

ನೀನು ಬರೆಯುವ ಕಾಗದದಲ್ಲಿ ಒಂದು ಸಲವೂ ಅಪ್ಪನನ್ನು ಇದರ ಬಗ್ಗೆ ಕೇಳಿಲ್ಲ. ನೀನೂ ಅವನೇ ಮರೆತ ಎಂದುಕೊಂಡಿದ್ದೀಯಾ? ಅಪ್ಪ ಹಾಗೇ ತಿಳಿದಿದ್ದಾನೆ.

ನಿನ್ನ ತಂಗಿ,
ಸೌಂದರ್ಯ

*

ಚಳ್ಳಕೆರೆ
19-2-2000

ಮಾರುತಿ,

ಯುಗಾದಿಯವರೆಗೆ ತಡೆಯಲಾಗಲಿಲ್ಲ. ನಿನ್ನೆ ಹೋಗಿ ಹೇಳಿದೆ.

ಬಸ್ಸಿನಲ್ಲಿ ಕೂತು ಮಾತುಗಳನ್ನು ಪದ್ಯದ ಹಾಗೆ ಬಾಯಿಪಾಠ ಮಾಡಿದ್ದೆ. ಮನೆಯ ಮುಂದೆ ನಿಮ್ಮಪ್ಪ ಹಗ್ಗ ಹೊಸೆಯುತ್ತಿದ್ದ. ನಿಮ್ಮ ಅವ್ವ ಒಳಗಿದ್ದಳು. ನಾನು ನಿಂತುಕೊಂಡೇ ಎಲ್ಲವನ್ನೂ ಹೇಳಿದೆ. ಮಳೆ, ಅರದ ತುಂಡು, ಚಾಚುಬಂಡೆ, ಮುಳ್ಳು, ಬೆಂಕಿ. ಮುಗಿದ ಮೇಲೆ ಹೊಡೆಯುತ್ತಾನೆ ಎಂದು ಕಾದೆ. ಅವನು ಹಗ್ಗವನ್ನು ಕೆಳಗಿಟ್ಟು ನನ್ನನ್ನು ಕೂರಲು ಹೇಳಿದ. ಆಮೇಲೆ ಮೆಲ್ಲಗೆ ಕೇಳಿದ.

"ಎಷ್ಟು ಕೊಂಬೆ ಇದ್ವು?"

ಮೂರೋ ನಾಲ್ಕೋ ಇದ್ದವು ಎಂದೆ.

"ಬುಡ ಯಾವ ಕಡೀಗಿತ್ತು?"

ಮಾರುತಿ, ನನಗೆ ನೆನಪಾಗಲಿಲ್ಲ. ಆ ಮುಳ್ಳು ಹೇಗೆ ಉರಿಯಿತು ಎಂಬುದು ಒಂದೊಂದು ಕಡ್ಡಿಯೂ ನೆನಪಿದೆ. ಹೇಗೆ ಬಿದ್ದಿತ್ತು ಎಂಬುದು ಇಲ್ಲ. ನನಗೆ ಅದು ಕಟ್ಟಿಗೆಯಾಗಿತ್ತು. ಅವನು ನನ್ನ ಮುಖವನ್ನೇ ನೋಡುತ್ತಿದ್ದ. ಅವನಿಗೆ ಅದು ಬೇಕಾಗಿತ್ತು ಎಂದು ಕಣ್ಣಲ್ಲೇ ಗೊತ್ತಾಗುತ್ತಿತ್ತು. ಗೊತ್ತಿಲ್ಲ ಎಂದಿದ್ದರೆ ಆಗುತ್ತಿತ್ತೋ ಏನೋ. ಇಳಿಜಾರಿನ ಕಡೆಗಿತ್ತು ಎಂದುಬಿಟ್ಟೆ.

ಅವನು ಉಸಿರು ಬಿಟ್ಟ. "ನಮ್ಮಪ್ಪನ ಕಾಲದಿಂದ ನಾವು ಬುಡ ಬಂಡೆ ಕಡೀಗೇ ಇಡೋದು, ಗಾಳಿ ಎಳ್ಕಂಡು ಹೋಗಬಾರ್ದು ಅಂತ. ನೀನು ನೋಡಿಲ್ಲ ಬಿಡಪ್ಪ. ಮಾರುತಿ ಹೇಳಿ ಕಳಿಸ್ಯಾನೆ, ಅಲ್ಲಾ?"

ಇಲ್ಲ ಎಂದು ಆಣೆ ಇಟ್ಟೆ. ಕುರಾನಿನ ಮೇಲೆ ಆಣೆ ಇಟ್ಟೆ. ಅವನು ನನ್ನ ಹೆಗಲ ಮೇಲೆ ಕೈ ಹಾಕಿದ. ಒಬ್ಬ ಮುದುಕನ ತಪ್ಪನ್ನು ತಲೆಯ ಮೇಲೆ ಹೊರಲು ಬಂದಿದ್ದೀಯ, ಒಳ್ಳೆಯ ತಾಯಿಯ ಮಗ ನೀನು, ಆದರೆ ಸುಳ್ಳಿನಿಂದ ನಿದ್ದೆ ಬರುವುದಿಲ್ಲ ಎಂದ. ನಿಮ್ಮ ಅವ್ವನನ್ನು ಕರೆದು, ಹುಡುಗ ದೂರದಿಂದ ಬಂದಿದ್ದಾನೆ, ರೊಟ್ಟಿ ಹಾಕು ಎಂದ. ಅವಳು ಹಾಕಿದಳು. ನಾನು ತಿಂದೆ.

ಇನ್ನು ನನ್ನ ಕೈಯಲ್ಲಿ ಏನೂ ಇಲ್ಲ. ಅವನು ನಂಬುವುದಾದರೆ ನಿನ್ನ ಮಾತನ್ನು ನಂಬಬೇಕು. ಅರದ ತುಂಡನ್ನು ಗ್ಯಾರೇಜಿನ ಗುಜರಿಗೆ ಎಸೆದೆ. ನಿನ್ನೆಯದೊಂದು ಬಿಟ್ಟರೆ, ಶುಕ್ರವಾರ ಈಗ ಮಾವನ ಹಿಂದೆ ಮಸೀದಿಗೆ ಹೋಗುತ್ತೇನೆ. ಮಾವ ಸಂತೋಷವಾಗಿದ್ದಾನೆ.

ಶಕೀಲ್

*

ರಾಯಪುರ
14-3-2000

ಅಪ್ಪನಿಗೆ ಮಾರುತಿ ಮಾಡುವ ಸಾಷ್ಟಾಂಗ ನಮಸ್ಕಾರ. ಸೌಂದರ್ಯ, ಇದನ್ನು ಅಪ್ಪನಿಗೆ ಮಾತ್ರ ಓದಿ ಹೇಳು, ಅವ್ವ ಇದ್ದರೆ ಇರಲಿ. ಹೊರಗಿನವರು ಬೇಡ.

ಅಪ್ಪ, ಶಕೀಲ್ ಹೇಳಿದ್ದು ನಿಜ. ನಾನು ಹೇಳಿ ಕಳಿಸಲಿಲ್ಲ. ಅತ್ತೆ ಸಾಯುವುದಕ್ಕೆ ಎರಡು ದಿನ ಮೊದಲೇ ಅವನು ನನಗೆ ಕಾಗದ ಬರೆದಿದ್ದ. ಚಾಚುಬಂಡೆಯ ಕೆಳಗೆ ಒಣ ಮುಳ್ಳು ಸಿಕ್ಕಿತು, ಬೆಂಕಿ ಹಾಕಿದೆ ಎಂದು ಸಂತೋಷದಿಂದ ಬರೆದಿದ್ದ. ಅವನಿಗೆ ಅದರ ಅರ್ಥ ಗೊತ್ತಿರಲಿಲ್ಲ. ಮೇಲೆ ಕಲ್ಲು ಇತ್ತು ಎಂದೂ ಬರೆದಿದ್ದ. ಆ ಕಾಗದ ಅವ್ವನ ಕಾಗದದ ಜೊತೆಗೇ, ಮಹಾನವಮಿಗೆ ಮೊದಲೇ ನನ್ನ ಕೈ ಸೇರಿತು. ಚಿನ್ನಯ್ಯ ಅವನನ್ನು ಉಳಿಸುವುದಿಲ್ಲ ಎಂದು ಹೆದರಿ ಅದನ್ನು ಸುಟ್ಟೆ. ನೀನು ತಡೆದುಕೊಳ್ಳುತ್ತೀಯ ಎಂದುಕೊಂಡೆ.

ನೀನು ಮುಚ್ಚಿದ್ದೆ ಅಪ್ಪ. ನಿನ್ನ ಕೈ ಮರೆತಿರಲಿಲ್ಲ.

ಯುಗಾದಿಗೆ ಬರುತ್ತೇನೆ. ಬಂದು ನಿನ್ನ ಕಾಲು ಹಿಡಿಯುತ್ತೇನೆ.

ನಿನ್ನ ಮಗ,
ಮಾರುತಿ

*

ಕೊಂಡ್ಲಹಳ್ಳಿ
24-3-2000

ಅಣ್ಣನಿಗೆ,

ನಿನ್ನ ಕಾಗದ ಮಂಗಳವಾರ ಬಂತು. ಬಾಗಿಲು ಹಾಕಿಕೊಂಡು ಓದಿದೆ. ಮೇಲೆ ಕಲ್ಲು ಇತ್ತು ಎಂದಿರುವುದನ್ನು ಅಪ್ಪ ಇನ್ನೊಮ್ಮೆ ಓದು ಎಂದ. ಎರಡನೇ ಸಲ ಓದಿದ ಮೇಲೆ, "ಹಂಗಾದ್ರೆ ಮುಚ್ಚಿದ್ದೆ" ಎಂದ. ಅವ್ವ ಅಳುವುದಕ್ಕೆ ಶುರು ಮಾಡಿದಳು. ಅಪ್ಪ ಅಳಲಿಲ್ಲ. ಅವನ ಬೆನ್ನು ನೆಟ್ಟಗಾಯಿತು. ಅಂಥದ್ದನ್ನು ನೋಡಿ ಬಹಳ ದಿನವಾಗಿತ್ತು.

ಸ್ವಲ್ಪ ಹೊತ್ತಾದ ಮೇಲೆ, ಶಕೀಲಣ್ಣನ ಕಾಗದ ನಿನಗೆ ಯಾವಾಗ ಸಿಕ್ಕಿತು ಎಂದು ಕೇಳಿದ. ಮಹಾನವಮಿಗೆ ಮೊದಲು ಎಂದು ಓದಿ ತೋರಿಸಿದೆ. ಅವನು ಬೆರಳು ಮಡಚಿದ. ಮಹಾನವಮಿ, ದೀಪಾವಳಿ, ಸಂಕ್ರಾಂತಿ, ಶಿವರಾತ್ರಿ. ನಾಲ್ಕು ಬೆರಳು ಮಡಚಿ ಹಾಗೇ ಹಿಡಿದುಕೊಂಡಿದ್ದ.

ಅವ್ವ, ಹುಡುಗ ಹೆದರಿದ್ದಾನೆ, ಸ್ನೇಹಿತನ ಜೀವಕ್ಕೆ ಹೆದರಿ ಹಾಗೆ ಮಾಡಿದ್ದಾನೆ ಎಂದಳು. ಅದಕ್ಕೆ ಅಪ್ಪ ಹೇಳಿದ್ದನ್ನು ಇದ್ದ ಹಾಗೆ ಬರೆಯುತ್ತೇನೆ. "ನನ್ನ ಕೇಳಿದ್ರೆ ನಾನೇ ಹೇಳ್ತಿದ್ದೆ, ಆ ಹುಡುಗನ ಹೆಸರು ಎತ್ತಬ್ಯಾಡ, ನಾನು ಹೊತ್ಕಂತೀನಿ ಅಂತ. ಅವನು ನನ್ನ ಕೇಳಲಿಲ್ಲ."

ಶಕೀಲಣ್ಣನ ಹೆಸರು ಈ ಬಾಗಿಲು ದಾಟಬಾರದು ಎಂದು ನನ್ನಿಂದಲೂ ಅವ್ವನಿಂದಲೂ ಮಾತು ತೆಗೆದುಕೊಂಡ. ಚಿನ್ನಯ್ಯನಿಗೂ ಹೇಳುವುದಿಲ್ಲವಂತೆ. ಊರಿನವರು ಅಂದುಕೊಂಡದ್ದು ಹಾಗೇ ಇರಲಿ, ತನಗೆ ಗೊತ್ತಾಯಿತಲ್ಲ, ಸಾಕು ಎಂದ. ಬುಧವಾರ ದೊಡ್ಡೀರಪ್ಪನ ಮಂದೆಗೆ ಹೋಗಿ ತನ್ನ ಕುರಿಗಳನ್ನು ಬೇರೆ ಮಾಡಿ ಹೊಡೆದುಕೊಂಡು ಬಂದ. ಕರು ಕಟ್ಟಿದರೆ ಈಗ ಎದ್ದು ಹೋಗಿ ನೋಡುವುದಿಲ್ಲ. ಎರಡು ಹೊತ್ತೂ ಉಣ್ಣುತ್ತಾನೆ.

ಇವತ್ತು ನನ್ನನ್ನು ಕೂರಿಸಿ, ಹಬ್ಬಕ್ಕೆ ಬರಬೇಡ ಎಂದು ಬರಿ ಎಂದ. ಹಬ್ಬ ಕಳೆದ ಮೇಲೆ ಬರಬಹುದಾ ಎಂದು ಕೇಳಿದೆ. ನಾನು ಹೇಳಿದಷ್ಟೇ ಬರಿ ಎಂದ. ಅವ್ವ ಒಲೆಯ ಹತ್ತಿರದಿಂದ, ಇನ್ನೇನಾದರೂ ಸೇರಿಸು ಎಂದು ಕಣ್ಸನ್ನೆ ಮಾಡಿದಳು. ಬಹಳ ಹೊತ್ತು ಪೆನ್ನು ಹಿಡಿದು ಕೂತೆ ಅಣ್ಣ. ಸೇರಿಸುವುದಕ್ಕೆ ನನಗೆ ಏನೂ ಸಿಗಲಿಲ್ಲ.

ಸೌಂದರ್ಯ